ರಬ್ಬರ್ ಗೆರಟೆಯ ನೀರು

ನಿಬಿನ್,

ಅಮ್ಮನಿಗೆ ಡೆಂಗ್ಯೂ. ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿದಿದೆ. ಪುತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ರಬ್ಬರ್ ಮರಗಳಿಗೆ ಹಾಲು ಹಿಡಿಯಲು ಕಟ್ಟಿದ ತೆಂಗಿನ ಗೆರಟೆಗಳನ್ನು ಕವುಚಿಡಲು ಆಶಾ ಕಾರ್ಯಕರ್ತೆ ಎರಡು ಸಲ ಬಂದು ಹೇಳಿದ್ದರು. "ಸೊಳ್ಳೆಗೆಲ್ಲ ಎಂತ ಹೆದರುದು ಮಾರಾಯ್ರೆ?" ಎಂದು ನಗಾಡಿ ಕಳಿಸಿದ ಶೂರ ನೀನು. ಬೆಳಿಗ್ಗೆ ನಾನೇ ತೋಟಕ್ಕೆ ಹೋಗಿ ನೋಡಿದೆ. ಮಳೆನೀರು ನಿಂತ ಒಂದೊಂದು ಗೆರಟೆಯಲ್ಲೂ ಸೊಳ್ಳೆಮರಿಗಳು ಕುಣಿಯುತ್ತಿವೆ.

ಎಲ್ಲವನ್ನೂ ಕವುಚಿ ಹಾಕಿ ಆಸ್ಪತ್ರೆಗೆ ಬಾ. ಮೊಬೈಲಿನಲ್ಲಿ ನೋಡಿದ ಪಪ್ಪಾಯಿ ಎಲೆಯ ರಸ ತರಬೇಡ, ರಕ್ತ ಕೊಡು. ನಿನ್ನದೂ ಅಮ್ಮನದೂ ಒಂದೇ ಗುಂಪು. ಈ ಮನೆಗೆ ನಿನ್ನಿಂದಾಗುವ ಉಪಕಾರ ಅದೊಂದೇ.

ಜ್ವರದಲ್ಲಿ ನಡುಗುತ್ತಿದ್ದರೂ ಅಮ್ಮ ಈಗ ಕೇಳಿದ್ದು, "ನಿಬಿನ್‌ಗೆ ಊಟಕ್ಕೆ ಎಂತ ಉಂಟು?"

ಗಂಜಿ ಒಲೆಯ ಮೇಲಿದೆ. ಇಟ್ಟದ್ದು ಅಮ್ಮನ ಮಾತಿಗೆ, ನಿನ್ನ ಹಸಿವೆಗೆ ಅಲ್ಲ.

ನಿನ್ನ ಅಕ್ಕ,
ಅಂಜು ಚೇಚಿ