ನಿಲ್ಲದ ಹಾಡು

೨೦೨೪ ಜುಲೈ ೯, ಮಂಗಳವಾರ. ಮಧುಗಿರಿ.

ಖಲೀಲನ ಅಂಗೈ ಸುಟ್ಟಿದ್ದಕ್ಕೆ ನಾನೇ ಕಾರಣ ಎಂದು ಇಲ್ಲಾದರೂ ಬರೆದಿಡುತ್ತೇನೆ.

ನಮ್ಮ ಎಫ್‌ಎಂ ಟವರಿನ ತುದಿಯ ಕೆಂಪು ದೀಪ ಕೆಟ್ಟಿತ್ತು. ಅದನ್ನು ಬದಲಿಸಲು ಶಿರಾದಿಂದ ಯಾವಾಗಲೂ ಬರುವವನು ಅವನೇ. ಆಂಟೆನಾಗಳನ್ನು ದಾಟಿ ಹತ್ತಬೇಕು. ಅಷ್ಟು ಹೊತ್ತು ಕೆಳಗೆ ನಾನು ಪ್ರಸಾರ ನಿಲ್ಲಿಸಲೇಬೇಕು, ಇಲ್ಲದಿದ್ದರೆ ರೇಡಿಯೋ ಅಲೆಗಳ ಶಕ್ತಿಗೆ ಮುಟ್ಟಿದ ಕಬ್ಬಿಣವೇ ಸುಡುತ್ತದೆ. ಮ್ಯಾನೇಜರ್ ಪ್ರಸನ್ನಕುಮಾರ್ ಫೋನಿನಲ್ಲಿ, "ಜಾಹೀರಾತು ಹೋಗ್ತಾ ಇದೆ ಕಣಯ್ಯ, ಅರ್ಧ ಗಂಟೆ ಕೆಲಸಕ್ಕೆ ಏನೂ ಆಗಲ್ಲ, ನಿಲ್ಲಿಸದೆ ಅವನನ್ನ ಹತ್ತಿಸು" ಅಂದರು.

"ಆಫ್ ಮಾಡಿದ್ರಾ ಸಾರ್?" ಎಂದು ಖಲೀಲ ಕೇಳಿದ. ಹೌದೆಂದು ತಲೆಯಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ ನೋಡು, ದೊಡ್ಡ ಸಂಭಾವಿತ ನಾನು.

ಇಳಿದು ಬಂದವನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. "ಕಂಬಿ ಬಿಸಿಲಿಗೆ ಕಾದಿತ್ತು ಸಾರ್" ಎಂದು ಅವನೇ ನನಗೆ ಸಮಾಧಾನ ಹೇಳಿದ. ಬಿಸಿಲೆಲ್ಲಿತ್ತು? ಬೆಳಗಿನಿಂದ ಮೋಡ. ಅವನು ಹೋದ ಮೇಲೆ ಲಾಗ್‌ಬುಕ್ಕಿನಲ್ಲಿ "೧೧.೧೦ರಿಂದ ೧೧.೪೦, ಪ್ರಸಾರ ಸ್ಥಗಿತ" ಎಂದು ಬರೆದು ಸಹಿ ಹಾಕಿದೆ. ಅಕ್ಷರ ಮಾತ್ರ ಮುತ್ತಿನಂತೆ ಬಂದಿದೆ.

ಸಂಜೆ ಅವನ ಹೆಂಡತಿ ಬುಷ್ರಾ ಫೋನ್ ಮಾಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು.

"ರೇಡಿಯೋ ನಿಂತ್ರೆ ಇವ್ರು ಮೇಲೆ ಹತ್ತವ್ರೆ ಅಂತ ಗೊತ್ತಾಗ್ತದೆ ಅಣ್ಣಾ. ಮತ್ತೆ ಹಾಡು ಬರೋಗಂಟ ದುವಾ ಮಾಡ್ತೀನಿ. ಇವತ್ತು ನಿಲ್ಲಲೇ ಇಲ್ಲ. ಹತ್ತಿಲ್ಲ ಅನ್ಕಂಡು ಸುಮ್ನೆ ಇದ್ಬುಟ್ಟೆ. ನಂದೇ ತಪ್ಪು."

ನಿನ್ನ ತಪ್ಪಲ್ಲ ಎಂದು ನಾನು ಅನ್ನಲಿಲ್ಲ. "ಮುಲಾಮು ಹಚ್ಚಮ್ಮ" ಅಂದೆ.