ಹೆಣದ ಗಾಡಿಯ ಹೊಗೆ

ಒಂಬತ್ತು ದಿನ ನನ್ನ ಗಾಡಿಯ ಕೀ ಇಟ್ಟುಕೊಂಡಿದ್ದ ಮಾನ್ಯ ಸಾರಿಗೆ ಅಧಿಕಾರಿಗಳೇ,

ಹೊಗೆ ಹೆಚ್ಚೆಂದು ತಾವು ಕಳೆದ ತಿಂಗಳು ಹಿಡಿದಿಟ್ಟ ಹಳೆಯ ಡೀಸೆಲ್ ವ್ಯಾನು ಹೆಣ ಸಾಗಿಸುವ ಗಾಡಿ. ಅದು ತಮ್ಮ ಕಚೇರಿಯ ಹಿತ್ತಲಲ್ಲಿ ನಿಂತಿದ್ದಾಗಲೇ, ಹನ್ನೊಂದು ವರ್ಷ ಅದನ್ನು ರಿಪೇರಿ ಮಾಡುತ್ತಿದ್ದ ಹಲಸೂರಿನ ಮೆಕ್ಯಾನಿಕ್ ಮುನಿವೆಂಕಟಪ್ಪ ತೀರಿಕೊಂಡ. ಅವನ ದೇಹ ತರಕಾರಿ ಟೆಂಪೋದಲ್ಲಿ ಹೋಯಿತು. ನನ್ನ ದೂರು ಇಷ್ಟೇ. ಅಂದು ತಾವು "ಏನಿದ್ರೂ ಬರ್ದು ಕೊಡ್ರಿ" ಅಂದಿರಿ. ಎರಡು ಸಲ ಬರೆದುಕೊಟ್ಟೆ, ಎರಡೂ ಎಲ್ಲಿ ಹೋದವೋ ತಿಳಿಯದು. ಅದಕ್ಕೇ ಮೂರನೆಯದನ್ನು ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ.

ನಾನು ಶಿವಾಜಿನಗರದ ಮುಕ್ತಾರ್. ಮನೆಯಲ್ಲಿ ದಖನಿ ಮಾತಾಡುತ್ತೇವೆ, ಆದರೆ ಓದಿದ್ದು ಹಲಸೂರಿನ ಕನ್ನಡ ಶಾಲೆಯಲ್ಲಿ, ಆದ್ದರಿಂದ ಕಾಗುಣಿತದ ತಪ್ಪು ಹುಡುಕುವ ಶ್ರಮ ತಮಗೆ ಬೇಡ. ನಮ್ಮ ಬೀದಿಯವರು ಸೇರಿ ಕೊಂಡ ಈ ಗಾಡಿಯನ್ನು ನಮ್ಮವರು ಮಯ್ಯತ್ ಗಾಡಿ ಅನ್ನುತ್ತಾರೆ, ಹಲಸೂರಿನವರು ಹೆಣದ ಗಾಡಿ ಅನ್ನುತ್ತಾರೆ. ಎರಡು ಕಡೆಯವರನ್ನೂ ಹೊತ್ತಿದೆ, ಯಾರೂ ಗಾಡಿ ಹಳೆಯದೆಂದು ಇಳಿದು ಹೋದವರಿಲ್ಲ. ಸತ್ತವರನ್ನು ಕಾಯಿಸಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಹಿಂದೆ ನಡೆದು ಬರುವವರನ್ನು ಬಿಟ್ಟು ಓಡಬಾರದು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಹನ್ನೊಂದು ವರ್ಷ ನಾನು ಎರಡನೇ ಗೇರು ದಾಟಿದ್ದೇ ಅಪರೂಪ. ಖಾಲಿ ಇದ್ದಾಗಲೂ ಕಾಲಿಗೆ ಹಾಗೇ ಅಭ್ಯಾಸವಾಗಿ ಹೋಗಿತ್ತು.

ತಮ್ಮ ಪರೀಕ್ಷೆ ಹೇಗಿರುತ್ತದೆ ಎಂದು ತಮಗೆ ಗೊತ್ತು, ಓದುವವರಿಗಾಗಿ ಹೇಳುತ್ತೇನೆ. ಗಾಡಿ ನಿಂತಲ್ಲೇ ನಿಂತಿರುತ್ತದೆ. ಸೈಲೆನ್ಸರಿಗೆ ಒಂದು ಕೊಳವೆ ತೂರಿಸುತ್ತಾರೆ. ಆಮೇಲೆ ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿಯಬೇಕು. ಮೀಟರು ಅರವತ್ತೈದು ದಾಟಿದರೆ ಫೇಲು. ನನ್ನದು ಎಪ್ಪತ್ತೆಂಟು ಬಂತು. "ಪೂರ್ತಿ ತುಳೀರಿ, ಸತ್ತೋರ ಥರ ಆಡ್ಬೇಡಿ" ಎಂದು ಕೊಳವೆ ಹಿಡಿದವನು ಹೇಳಿದ. ತಪ್ಪೇನಿಲ್ಲ, ಅವನು ನನ್ನ ಗಾಡಿಯ ಮೇಲಿನ ಬರಹ ಓದಿರಲಿಲ್ಲ. ಹದಿನೈದು ದಿನದೊಳಗೆ ಸರಿಪಡಿಸಿ ತರಬೇಕೆಂದು ಚೀಟಿ ಕೊಟ್ಟರು.

ಚೀಟಿ ಹಿಡಿದು ಹಲಸೂರಿಗೆ ಹೋದೆ. ಮುನಿವೆಂಕಟಪ್ಪ ಮಹದೇವಪುರದವನು. ಅವರಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಯಾರದೋ ಕಂಪನಿಯ ಕಾಂಪೌಂಡು ಎದ್ದಿದೆ, ಉಳಿದದ್ದು ಒಂದಿಷ್ಟು ತೋಟ ಮತ್ತು ಹಿರಿಯರ ಸಮಾಧಿಗಳು. ಅವನು ಫಿಲ್ಟರ್ ಬದಲಿಸಿದ, ನಾಝಲ್ ಬಿಚ್ಚಿ ತೊಳೆದ. ಮತ್ತೆ ಪರೀಕ್ಷೆಗೆ ಹೋದರೆ ಎಪ್ಪತ್ತನಾಲ್ಕು. ಬಂದು ಹೇಳಿದರೆ ಮುನಿವೆಂಕಟಪ್ಪ ಕೈ ಒರೆಸಿಕೊಂಡು ನನ್ನನ್ನೇ ನೋಡಿದ.

"ಗಾಡೀಗ್ ಏನೂ ಕಾಯ್ಲೆ ಇಲ್ಲ ಕಣೋ, ಕಾಯ್ಲೆ ನಿನ್ ಕಾಲಿಗೆ. ಹನ್ನೊಂದ್ ವರ್ಷ ತೆವಳ್ಸಿದ್ದೀಯ, ಒಳಗೆಲ್ಲ ಮಸಿ ಕಟ್ಕೊಂಡೈತೆ. ಒಂದ್ಸಲ ಹೊಸಕೋಟೆ ಗಂಟ ಚೆನ್ನಾಗ್ ತುಳ್ದು ಓಡ್ಸ್ಕೊಂಡ್ ಬಾ. ಎಲ್ಲಾ ಉಗುಳ್ಬಿಡ್ತದೆ."

"ಮಯ್ಯತ್ ಗಾಡಿ ರೇಸ್ ಹೊಡೀತಾ ಇದೆ ಅಂತಾರೆ ಮುನಿಯಣ್ಣ."

"ಖಾಲಿ ಗಾಡಿ ಅಲ್ವೇನಯ್ಯ?"

"ಖಾಲಿ ಅಂತ ರೋಡಲ್ಲಿ ನಿಂತಿರೋರಿಗೆ ಹೆಂಗ್ ಗೊತ್ತಾಗುತ್ತೆ?"

ಮಾನ್ಯರೇ, ಇದು ನೆಪವಲ್ಲ. ಆ ಗಾಡಿ ಹೋಗುವಾಗ ಜನ ಎದ್ದು ನಿಲ್ಲುತ್ತಾರೆ. ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನಲ್ಲಿ ನೂರು ಜನ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದವರು ಸುಮ್ಮನಾಗುತ್ತಾರೆ. ಕಂಡಕ್ಟರು ಟೋಪಿ ತೆಗೆಯುತ್ತಾನೆ, ಯಾರೋ ಹೆಂಗಸು ಬುಟ್ಟಿ ಕೆಳಗಿಟ್ಟು ಕೈ ಮುಗಿಯುತ್ತಾಳೆ. ಒಳಗೆ ಯಾರಿದ್ದಾರೆಂದು ಯಾರೂ ಕೇಳುವುದಿಲ್ಲ. ಅವರ ಎದುರಿಗೆ ಅದನ್ನು ಬಾಡಿಗೆ ಜೀಪಿನ ಹಾಗೆ ಓಡಿಸಲು ನನಗೆ ಮನಸ್ಸಾಗಲಿಲ್ಲ. "ನಾನೇ ಓಡ್ಸ್ತೀನಿ, ಕೀ ಕೊಡು" ಅಂದ ಮುನಿಯಣ್ಣ. ಕೊಡಲಿಲ್ಲ. ಅವನು ನಕ್ಕು, "ಆಯ್ತು, ನನ್ನ ಕರ್ಕೊಂಡ್ ಹೋಗೋವಾಗಾದ್ರೂ ಹಿಂಗೇ ನಿಧಾನಕ್ ಹೋಗು. ಟಿನ್ ಫ್ಯಾಕ್ಟರಿ ಹತ್ರ ಇನ್ನೂ ನಿಧಾನ. ಅಲ್ಲಿರೋರೆಲ್ಲ ನಮ್ಮೋರೇ" ಅಂದ. ಆಗಲಿ ಎಂದು ಮಾತು ಕೊಟ್ಟೆ. ಇಬ್ಬರೂ ಟೀ ಕುಡಿದೆವು.

ಹದಿನೈದನೇ ದಿನ ಮೀಟರು ಎಪ್ಪತ್ತೊಂದು ತೋರಿಸಿತು. ತಾವು ಕೀ ಕೇಳಿದಿರಿ. "ಸಾರ್, ಈ ಮಧ್ಯೆ ಯಾರಾದ್ರೂ ತೀರ್ಕೊಂಡ್ರೆ?" ಎಂದು ಕೇಳಿದ್ದೆ, ನೆನಪಿರಬಹುದು. ತಮ್ಮ ಉತ್ತರ ನನಗೆ ಬಾಯಿಪಾಠವಾಗಿದೆ: "ಗಾಡಿ ಅಂದ್ರೆ ಗಾಡೀನೇ ಕಣ್ರೀ. ಒಳಗೆ ಯಾರವ್ರೆ ಅಂತ ಮೀಟರ್ ಕೇಳಲ್ಲ." ಸತ್ಯವಾದ ಮಾತು. ಮೀಟರಿಗೆ ಕೇಳಲು ಬಾಯಿಲ್ಲ. ಆದರೆ ಸರ್ಕಾರ ಮೀಟರಿನ ಪಕ್ಕ ಒಬ್ಬ ಮನುಷ್ಯನನ್ನು ಕುರ್ಚಿ, ಫ್ಯಾನು, ಮೊಹರು ಕೊಟ್ಟು ಕೂರಿಸಿರುವುದು ಯಾತಕ್ಕೆ? ಮೀಟರು ಕೇಳದ್ದನ್ನು ಅವನು ಕೇಳಲಿ ಎಂದಲ್ಲವೇ?

ತಾವು ಕೀ ತೆಗೆದುಕೊಂಡ ಆರನೇ ದಿನ ಬೆಳಿಗ್ಗೆ ಮುನಿವೆಂಕಟಪ್ಪ ಗ್ಯಾರೇಜಿನಲ್ಲಿ ಕುಸಿದ. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಮುಗಿದಿತ್ತು. ಮಧ್ಯಾಹ್ನ ದೇಹ ಕೊಟ್ಟರು. ಮಹದೇವಪುರದ ತೋಟದಲ್ಲಿ ಅವರಪ್ಪನ ಪಕ್ಕ ಗುಂಡಿ ತೆಗೆಸಿದ್ದರು, ಕತ್ತಲಾಗುವುದರೊಳಗೆ ಮಣ್ಣು ಮಾಡಬೇಕಿತ್ತು. ಅವನ ಹೆಂಡತಿ ಅಮೃತಮ್ಮ ಬೇರೆ ಗಾಡಿ ತರುತ್ತೇವೆಂದ ನೆಂಟರನ್ನೆಲ್ಲ ತಡೆದಿದ್ದಳು. "ಇರ್ರಿ, ಮುಕ್ತಾರ್ ಗಾಡಿ ಬತ್ತದೆ" ಅನ್ನುತ್ತಿದ್ದಳಂತೆ. ಮುಕ್ತಾರ್ ತಮ್ಮ ಕಚೇರಿಯ ಬೆಂಚಿನ ಮೇಲಿದ್ದ. ತಾವು ಮೀಟಿಂಗಿನಲ್ಲಿದ್ದಿರಿ. ಕೀ ಬೀರುವಿನಲ್ಲಿತ್ತು, ಬೀರುವಿನ ಕೀ ತಮ್ಮ ಜೇಬಿನಲ್ಲಿತ್ತು. ಕಿಟಕಿಯಿಂದ ನನ್ನ ಗಾಡಿ ಕಾಣುತ್ತಿತ್ತು. ನಾಲ್ಕು ಗಂಟೆಯವರೆಗೆ ಅದನ್ನೇ ನೋಡುತ್ತಾ ಕೂತು, ಎದ್ದು ಆಸ್ಪತ್ರೆಗೆ ನಡೆದೆ. ಅಮೃತಮ್ಮ ನನ್ನ ಹಿಂದೆ ಗಾಡಿಯನ್ನು ಹುಡುಕಿದಳು. "ಹೋಗ್ಲಿ ಬಿಡಪ್ಪ, ನೀನೇನ್ ಮಾಡೀಯ" ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಕೆಟ್ಟಿನಿಂದ ಒಂದು ಟೆಂಪೋ ಸಿಕ್ಕಿತು. ಒಳಗೆ ಕೋಸಿನ ಎಲೆ ಬಿದ್ದಿತ್ತು, ಗೋಣಿಚೀಲ ಹಾಸಿದೆವು. ಮುಂದಿನ ಗಾಜಿಗೆ ತಮ್ಮ ಹೊಗೆ ಪ್ರಮಾಣಪತ್ರ ಅಂಟಿಸಿತ್ತು, ಇನ್ನೂ ನಾಲ್ಕು ತಿಂಗಳ ಆಯಸ್ಸಿತ್ತು. ಡ್ರೈವರಿಗೆ ಸಂಜೆಯ ಲೋಡಿನ ಅವಸರ. ನಾನು ಹಿಂದೆ ಕೂತು, ದೇಹ ಜಾರದಿರಲಿ ಎಂದು ಮುನಿಯಣ್ಣನ ಎರಡೂ ಪಾದ ಹಿಡಿದುಕೊಂಡಿದ್ದೆ. ಟಿನ್ ಫ್ಯಾಕ್ಟರಿ ಬಂತು. ಇಪ್ಪತ್ತು ವರ್ಷದಿಂದ ಅವನಿಗೆ ಟೀ ಕೊಡುತ್ತಿದ್ದ ಕೆಂಪರಾಜ್ ಅಂಗಡಿಯ ಮುಂದೆ ಲೋಟಕ್ಕೆ ಟೀ ಬಗ್ಗಿಸುತ್ತಿದ್ದ. ಟೆಂಪೋ ಹಾರನ್ ಹೊಡೆದು ಅವನ ಪಕ್ಕದಲ್ಲೇ ಹೋಯಿತು. ಅವನು ತಲೆ ಎತ್ತಲಿಲ್ಲ. ಬಸ್ ಸ್ಟಾಪಿನಲ್ಲಿ ಒಬ್ಬನೂ ಏಳಲಿಲ್ಲ. ಏಕೆ ಏಳಬೇಕು, ತರಕಾರಿ ಟೆಂಪೋಗೆ? ನನಗೆ ಅಳು ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ. ಊಟ ಮಾಡುತ್ತೇನೆ, ರುಚಿ ತಿಳಿಯುವುದಿಲ್ಲ. ಹೆಂಡತಿ ಎರಡು ಸಲ ಕರೆದರೆ ಓಗೊಡುತ್ತೇನೆ.

ಒಂಬತ್ತನೇ ದಿನ ರಿಪೇರಿಗೆಂದು ಗಾಡಿ ಬಿಟ್ಟಿರಿ. ರಿಪೇರಿ ಮಾಡುವವನು ಇರಲಿಲ್ಲ. ಅವನು ಹೇಳಿದ್ದು ಇತ್ತು. ಮಾರನೇ ಬೆಳಿಗ್ಗೆ ಹಳೇ ಮದ್ರಾಸ್ ರಸ್ತೆಗೆ ಇಳಿದು ಆಕ್ಸಿಲರೇಟರನ್ನು ನೆಲಕ್ಕೆ ಮುಟ್ಟುವಂತೆ ತುಳಿದೆ. ಕನ್ನಡಿಯಲ್ಲಿ ಹಿಂದಿನ ರಸ್ತೆಯೇ ಕಾಣದಷ್ಟು ಕಪ್ಪು ಹೊಗೆ. ಟಿನ್ ಫ್ಯಾಕ್ಟರಿಯಲ್ಲಿ ಎಲ್ಲರೂ ಎದ್ದು ನಿಂತರು. ಅಷ್ಟು ವೇಗದಲ್ಲಿ ಹೋಗುತ್ತಿದ್ದರೂ ನಿಂತರು. ಕೆಂಪರಾಜ್ ಅಂಗಡಿಯಿಂದ ಹೊರಗೆ ಓಡಿಬಂದು ಎರಡೂ ಕೈ ಎತ್ತಿ ಮುಗಿದ. ಮುನಿಯಣ್ಣ ಹೋದ ಸುದ್ದಿ ಅಷ್ಟು ಹೊತ್ತಿಗೆ ಅವನಿಗೆ ತಲುಪಿತ್ತು. ಖಾಲಿ ಗಾಡಿ ಎಂದು ಕೂಗಬೇಕೆನಿಸಿತು, ಕಾಲು ಮಾತ್ರ ತುಳಿಯುತ್ತಲೇ ಇತ್ತು. ಹೊಸಕೋಟೆ ಮುಟ್ಟಿ ಹಿಂದಿರುಗಿ ನೇರವಾಗಿ ಪರೀಕ್ಷೆಗೆ ನಿಲ್ಲಿಸಿದೆ. ಐವತ್ತೆರಡು. ಪಾಸು. "ನೋಡಿದ್ರಾ, ಮನಸ್ಸು ಮಾಡಿದ್ರೆ ಆಗ್ತದೆ" ಎಂದು ತಾವು ಮೊಹರು ಒತ್ತಿದಿರಿ.

ತಪ್ಪು ನನ್ನದೂ ಇದೆ, ಮಾನ್ಯರೇ. ಅವನ ಮಾತು ಕೇಳಿ ಹದಿನೈದು ದಿನದಲ್ಲಿ ಒಂದು ದಿನ ಓಡಿಸಿದ್ದರೆ ಮುನಿಯಣ್ಣ ನನ್ನ ಗಾಡಿಯಲ್ಲೇ ನಿಧಾನವಾಗಿ ಹೋಗುತ್ತಿದ್ದ. ಜನರ ಮುಂದೆ ಮರ್ಯಾದೆ ಉಳಿಸಲು ಹೋಗಿ ಅವನದನ್ನೇ ಕಳೆದೆ. ಹೊಗೆ ಬೇಡವೆಂಬ ತಮ್ಮ ಕಾಯಿದೆಯ ಮೇಲೂ ನನಗೆ ಸಿಟ್ಟಿಲ್ಲ. ಉಸಿರಾಟದ ಕಾಯಿಲೆಯಲ್ಲಿ ಹೋದವರನ್ನು ತಮಗಿಂತ ಹತ್ತಿರದಿಂದ ಹೊತ್ತವನು ನಾನು. ಆದರೆ ಅದೇ ರಸ್ತೆಯಲ್ಲಿ ಆನೆಯಷ್ಟು ಹೊಗೆ ಬಿಡುವ ಬಸ್ಸುಗಳ ಕೀ ಯಾವ ಬೀರುವಿನಲ್ಲಿದೆ ಎಂದು ಕೇಳುವ ಹಕ್ಕು ನನಗಿಲ್ಲವೇ?

ನಾನು ಕೇಳುವುದು ಇಷ್ಟು. ಹೆಣದ ಗಾಡಿ ಫೇಲಾದರೆ ದಂಡ ಹಾಕಿ, ಮತ್ತೆ ಮತ್ತೆ ಕರೆಸಿ, ಆದರೆ ಸರಿಯಾಗುವ ತನಕ ಹಿಡಿದಿಡಬೇಡಿ. ಹಿಡಿದಿಟ್ಟರೆ ಕೀಯನ್ನು ಬೀರುವಿನಲ್ಲಿಡದೆ ಕಾವಲುಗಾರನ ಕೈಗೆ ಸಿಗುವ ಮೊಳೆಗೆ ನೇತುಹಾಕಿ. ಇದನ್ನು ಬಾಯಲ್ಲಿ ಹೇಳದೆ ಆದೇಶವಾಗಿ ಹೊರಡಿಸಿ.

ಇನ್ನೊಂದಿದೆ. ಪ್ರಮಾಣಪತ್ರದ ಅವಧಿ ಆರು ತಿಂಗಳು. ಮತ್ತೆ ಮಸಿ ಕಟ್ಟದಂತೆ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ನಾನು ಹೊಸಕೋಟೆಗೆ ಓಡಿಸಬೇಕು. ಆ ಹೊತ್ತಿಗೆ ಟಿನ್ ಫ್ಯಾಕ್ಟರಿಯಲ್ಲಿ ಯಾರೂ ಏಳಬೇಕಾಗಿಲ್ಲವೆಂದು ಒಂದು ಬೋರ್ಡು ಹಾಕಿಸಿ. ಅವರು ಯಾರಿಗಾಗಿ ಏಳಬೇಕಿತ್ತೋ ಅವನು ಆಗಲೇ ಹೋಗಿಯಾಗಿದೆ, ಆ ದಿನ ಅವನ ಪಾದ ಹಿಡಿದಿದ್ದವನು ನಾನೊಬ್ಬನೇ.

ಇಂತಿ,
ಐವತ್ತೆರಡಕ್ಕೆ ಪಾಸಾದ ಗಾಡಿಯ ಡ್ರೈವರ್,
ಮುಕ್ತಾರ್
ಶಿವಾಜಿನಗರ, ಮಾರ್ಚ್ 1998