ದೌಲತರಾಯರ ಪಿಕಪ್ಪಿನ ಬೋಲ್ಟು

ಅಬ್ಬಾ,

ಅತನೂರಿನ ದೌಲತರಾಯರ ಹಳೇ ಪಿಕಪ್ಪಿನ ಹಿಂದಿನ ಚಕ್ರದ ಬೋಲ್ಟು ಪದೇ ಪದೇ ಮುರಿಯುತ್ತಿತ್ತಲ್ಲ, ಅದರ ಮೂಲ ನಾನು ಕಂಡುಹಿಡಿದೆ. ನೀವಿದ್ದಾಗ ಪ್ರತಿಸಲ ಹೊಸ ಬೋಲ್ಟು ಹಾಕಿ, ನಟ್ಟು ತಿರುಗಿಸುವ ಪಾನಾದ ಮೇಲೆ ನಿಂತು ಬಿಗಿಯುತ್ತಿದ್ದಿರಿ. ತಪ್ಪು ಬೋಲ್ಟಿನದಲ್ಲ, ಬಣ್ಣದ್ದು. ಘತ್ತರಗಿ ಜಾತ್ರೆಗೆ ಹೋಗುವ ಮುಂಚೆ ಅವರು ವರ್ಷವರ್ಷ ಚಕ್ರ ಬಿಚ್ಚಿಸಿ ಬಣ್ಣ ಬಳಿಸುತ್ತಾರೆ. ಚಕ್ರ ಗಾಡಿಗೆ ಕೂಡುವ ಜಾಗದಲ್ಲಿ ಆ ಬಣ್ಣ ದಪ್ಪಗೆ ಕೂತಿತ್ತು. ಗಾಡಿ ಓಡಿದಂತೆ ಪುಡಿಯಾಗಿ, ನಟ್ಟು ಸಡಿಲಾಗಿ, ಬೋಲ್ಟು ಮುರಿಯುತ್ತಿತ್ತು. ಕಬ್ಬಿಣ ಕಾಣುವವರೆಗೆ ಕೆರೆದು ಕೂಡಿಸಿದೆ.

ಇವತ್ತು ರಾಯರು ಜೇವರ್ಗಿಗೆ ಬಂದು, ನಮ್ಮ ಗ್ಯಾರೇಜಿನ ಮುಂದೆ ಎಲ್ಲರೆದುರು, "ಆರು ತಿಂಗಳಾತು, ಒಂದೂ ಮುರಿದಿಲ್ಲ ನೋಡವ್ವ. ಯಾರು ಕಲಿಸಿದ್ರು ನಿನಗ?" ಎಂದರು.

"ನಮ್ಮ ಅಬ್ಬಾನೇ ಕಲಿಸ್ಯಾರ್ರಿ" ಎಂದೆ.

ನೀವು ಒಂದು ದಿನವೂ ನನಗೆ ಪಾನಾ ಮುಟ್ಟಗೊಡಲಿಲ್ಲ. ಅದನ್ನು ಅವರಿಗೆ ಹೇಳಲಿಲ್ಲ.

ಫರಹೀನ